ಹಂಚಿನ ಬೆನ್ನಿನ ಹೆಸರು

ಕೊಲ್ಲಮೊಗ್ರಿನಲ್ಲಿ ಹಳೇ ಮನೆಯೊಂದರ ಮಾಡು ಇಳಿಸುವಾಗ ಒಂದು ಹಂಚು ಮಗುಚಿ ನೋಡಿದೆವು. ಬೆನ್ನಿನಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಕಂಪೆನಿಯ ಹೆಸರಿದೆ, ಇಸವಿಯಿದೆ. ಮಣ್ಣು ಹದ ಮಾಡಿದವರ ಹೆಸರಿಲ್ಲ. ನಮ್ಮ ಕಟ್ಟಡಗಳ ಚರಿತ್ರೆ ಬರೆಯುವವರೂ ಇದೇ ಅಚ್ಚಿನಲ್ಲಿ ಬರೀತಾ ಬಂದಿದ್ದಾರೆ. ನಮ್ಮ ತಕರಾರು ಆ ಬರವಣಿಗೆಯ ಮೇಲೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಅಚ್ಚುಕೂಟ ತೆರೆಯಿತು. ಮುಂದೆ ಅದರ ಕೆಲಸಕ್ಕೆಂದು ಬಂದ ಜರ್ಮನ್ ಯಂತ್ರಜ್ಞ ಜಾರ್ಜ್ ಪ್ಲೆಬ್ಸ್ಟ್, ಇಲ್ಲಿಯ ಜೇಡಿಮಣ್ಣು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನ ನೇತ್ರಾವತಿ ದಂಡೆಯಲ್ಲಿ ಹಂಚಿನ ಕಾರ್ಖಾನೆ ಹಾಕಿದ. ಮತಾಂತರವಾಗಿ ಜಾತಿ, ಕಸುಬು ಎರಡನ್ನೂ ಕಳಕೊಂಡವರಿಗೆ ಅನ್ನದ ದಾರಿ ಮಾಡುವುದೂ ಮಿಷನ್ನಿನ ಉದ್ದೇಶವಾಗಿತ್ತು. ಊರು ಹೊರಹಾಕಿದವರಿಗೆ ಕೂಲಿ ಕೊಟ್ಟದ್ದು ಸಣ್ಣ ಸಂಗತಿಯಲ್ಲ. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಈಗ ಕಟ್ಟಡ ನೋಡಿ. ಮಿಷನ್ನಿನ ಬಂಗಲೆ ಬಲ್ಮಠದ ಗುಡ್ಡದ ಮೇಲೆ. ಜಗಲಿ, ಎತ್ತರದ ಮಾಡು, ಬೇಕಾದಷ್ಟು ಗಾಳಿ. ಕಾರ್ಖಾನೆ ಕೆಳಗೆ ಹೊಳೆಬದಿಗೆ, ಯಾಕಂದ್ರೆ ಮಣ್ಣು, ಸೌದೆ ದೋಣಿಯಲ್ಲಿ ಬರಬೇಕು, ಹಂಚು ದೋಣಿಯಲ್ಲಿ ಹೋಗಬೇಕು. ಹಂಚು ಒಣಗಿಸುವ ಉದ್ದನೆಯ ಕೊಟ್ಟಿಗೆಯಲ್ಲೂ ಗಾಳಿ ಆಡುತ್ತದೆ. ಆದರೆ ಅದು ಆಳಿಗಾಗಿ ಅಲ್ಲ. ಹಸಿ ಹಂಚು ಬಿರುಕು ಬಿಡದೆ ನಿಧಾನ ಒಣಗಲಿ ಅಂತ. ಬಂಗಲೆಯ ಗಾಳಿ ಮನುಷ್ಯರ ಸುಖಕ್ಕೆ, ಕೊಟ್ಟಿಗೆಯ ಗಾಳಿ ಸರಕಿನ ಸುಖಕ್ಕೆ. ಮಾಡಿನ ಚೆಲುವನ್ನು ಪುಟಗಟ್ಟಲೆ ಬಣ್ಣಿಸುವವರು ಈ ಒಂದು ಸಾಲನ್ನು ಬರೆಯುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಕಾರ್ಖಾನೆ ಬ್ರಿಟಿಷರ ಕೈಸೇರಿತು, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋಯಿತು. ಯಜಮಾನಿಕೆ ಬದಲಾಯಿತು. ಗೂಡಿನ ಮುಂದೆ ಬೇಯುವ ಕೆಲಸ ಬದಲಾಗಲಿಲ್ಲ.

ಆ ಗೂಡುಗಳು ಉರಿಯಲು ಘಟ್ಟದ ತಪ್ಪಲಿನ ಕಾಡು ಬೇಕಿತ್ತು. ನಮ್ಮ ಸೀಮೆಯ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅದೇ ದಿಕ್ಕಿಗೆ ಹರಿಯುತ್ತದೆ. ಕಾಡಿನ ಸೌದೆ ಕೆಳಗಿಳಿಯಿತು, ಬೆಂದ ಹಂಚು ಮೇಲೇರಿತು. ಏರಿ ಕೂತದ್ದು ಉಳ್ಳವರ ಮನೆಯ ಪಕ್ಕಾಸಿನ ಮೇಲೆ. ಮೂಲದ ಆಳಿನ ಗುಡಿಸಲಿಗೆ ಮುಳಿಹುಲ್ಲೇ ಗತಿ. ಘಟ್ಟದಡಿಯ ಮಳೆ ಎಂಥದ್ದು ಅಂತ ಸೋರುವ ಮಾಡಿನಡಿ ಮಲಗಿದವರನ್ನು ಕೇಳಿ.

ಈಗ ಬಹುಪಾಲು ಗೂಡುಗಳು ತಣ್ಣಗಾಗಿವೆ. ಹಳೇ ಹಂಚು ಪೇಟೆಯ ಹೋಟೆಲುಗಳಿಗೆ ಅಲಂಕಾರವಾಗ್ತಿದೆ. ಪರಂಪರೆ ಉಳಿಸಿ ಅನ್ನುವ ಕೂಗೂ ಎದ್ದಿದೆ. ಉಳಿಸಲಿ, ಬೇಡ ಅನ್ನಲ್ಲ. ಆದರೆ ಬಂಗಲೆಯ ಜಗಲಿಯಷ್ಟೇ ಜಾಗವನ್ನು ಮಣ್ಣು ಅಗೆದವರಿಗೆ, ಹಂಚು ಹೊತ್ತ ಹೆಂಗಸರಿಗೆ, ಗೂಡಿಗೆ ಸೌದೆ ನೂಕಿದವರಿಗೆ ಆ ಚರಿತ್ರೆಯಲ್ಲಿ ಕೊಡಲಿ. ಅಲ್ಲಿವರೆಗೆ ಅದು ಅರ್ಧ ಚರಿತ್ರೆ ಅಂತಲೇ ನಾವು ಹೇಳುತ್ತೇವೆ.