ಗ್ರಾಫಿಂಗ್ ಕ್ಯಾಲ್ಕುಲೇಟರ್: ನಮ್ಮ ಗಣಿತ ತರಗತಿಗೆ ಎಷ್ಟು ಅಗತ್ಯ?

ಪದವಿ ತರಗತಿಗಳು ಆರಂಭವಾಗುವಾಗ ವಿದ್ಯಾರ್ಥಿಗಳೂ ಪಾಲಕರೂ ಅಧ್ಯಾಪಕರ ಮುಂದಿಡುವ ಪ್ರಶ್ನೆಗಳಲ್ಲಿ ಇದೂ ಒಂದು: ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕೇ, ಅಥವಾ ವಕ್ರರೇಖೆಯನ್ನು ಪರದೆಯ ಮೇಲೆ ಬರೆದು ತೋರಿಸುವ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕೇ? ಎರಡನೆಯದರ ಬೆಲೆ ಮೊದಲನೆಯದರ ಹಲವು ಪಟ್ಟು. ಮಣಿಪಾಲದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಅದು ಭಾರವೆನಿಸದಿರಬಹುದು. ಕಾಪು, ಕಾರ್ಕಳಗಳ ಹಳ್ಳಿಗಳಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವ ವಿದ್ಯಾರ್ಥಿಯ ಮನೆಗೆ ಅದು ಸಣ್ಣ ಮೊತ್ತವಲ್ಲ. ಆದ್ದರಿಂದ ಈ ಉಪಕರಣದ ಗುಣದೋಷಗಳನ್ನು ವಿಮರ್ಶಿಸಿ ನೋಡುವುದು ಅಗತ್ಯ.

ಹುಟ್ಟಿದ ಸಂದರ್ಭ ಬೇರೆ

ಕ್ಯಾಸಿಯೊ ಸಂಸ್ಥೆ 1985ರಲ್ಲಿ ಎಫ್‌ಎಕ್ಸ್-7000ಜಿ ಎಂಬ ಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಮಾರುಕಟ್ಟೆಗೆ ತಂದಿತು. 1990ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-81 ಬಂತು. 1995ರಿಂದ ಅಮೆರಿಕದ ಎಪಿ ಕಲನಶಾಸ್ತ್ರ ಪರೀಕ್ಷೆಗೆ ಇಂಥ ಯಂತ್ರ ಕಡ್ಡಾಯವಾಯಿತು. ಪರೀಕ್ಷೆಯೇ ಬೇಡಿದ್ದರಿಂದ ಅಲ್ಲಿಯ ವಿದ್ಯಾರ್ಥಿಗೆ ಅದು ಪಠ್ಯಪುಸ್ತಕದಷ್ಟೇ ಅವಶ್ಯಕ ವಸ್ತುವಾಯಿತು.

ನಮ್ಮಲ್ಲಿ ಸ್ಥಿತಿ ಹಾಗಿಲ್ಲ. ಸಿಇಟಿ ಮತ್ತು ಜೆಇಇ ಪರೀಕ್ಷೆಗಳಿಗೆ ಯಾವ ಕ್ಯಾಲ್ಕುಲೇಟರನ್ನೂ ಒಯ್ಯುವಂತಿಲ್ಲ. ಗೇಟ್ ಮತ್ತು ಜ್ಯಾಮ್ ಪರೀಕ್ಷೆಗಳಲ್ಲಿ ಕಂಪ್ಯೂಟರ್ ಪರದೆಯ ಮೇಲೆಯೇ ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರನ್ನು ಒದಗಿಸುತ್ತಾರೆ. ವಿಶ್ವವಿದ್ಯಾನಿಲಯಗಳ ಪರೀಕ್ಷೆಗಳಲ್ಲಿ ಪ್ರೋಗ್ರಾಂ ತುಂಬಿಸಲಾಗದ ಮಾದರಿಗಳಿಗೆ ಮಾತ್ರ ಅನುಮತಿ ಇರುವುದು ಸಾಮಾನ್ಯ. ಗ್ರಾಫಿಂಗ್ ಕ್ಯಾಲ್ಕುಲೇಟರುಗಳಲ್ಲಿ ಪ್ರೋಗ್ರಾಂ ಬರೆದಿಡಬಹುದಾದ್ದರಿಂದ ಅವು ಈ ನಿಯಮದಿಂದಲೇ ಹೊರಗುಳಿಯುತ್ತವೆ. ಐಬಿ ಪಠ್ಯಕ್ರಮದಲ್ಲಿ ಓದುವವರಿಗೆ ಅವು ಬೇಕು. ಆದರೆ ಆ ಸಂಖ್ಯೆ ಸಣ್ಣದು. ಹೀಗಿರುವಾಗ ವಿದೇಶದ ಶಿಫಾರಸನ್ನು ಇಲ್ಲಿಯ ತರಗತಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಪರದೆಯನ್ನು ಎಷ್ಟು ನಂಬಬಹುದು?

ಪರೀಕ್ಷೆಗೆ ಬೇಡವಾದರೂ ಕಲಿಕೆಗೆ ನೆರವಾಗುವುದಿಲ್ಲವೇ ಎಂದು ಕೇಳಬಹುದು. ನೆರವಾಗುತ್ತದೆ. ಒಂದು ಸಮೀಕರಣದ ಗುಣಾಂಕ ಬದಲಾದಂತೆ ವಕ್ರರೇಖೆ ಹೇಗೆ ಸರಿಯುತ್ತದೆ ಎಂಬುದನ್ನು ಕ್ಷಣಮಾತ್ರದಲ್ಲಿ ಕಾಣಬಹುದು. ಆದರೆ ಯಂತ್ರ ಬರೆಯುವುದು ನಿಜವಾದ ವಕ್ರರೇಖೆಯನ್ನಲ್ಲ. ಕೆಲವು ಬಿಂದುಗಳನ್ನು ಲೆಕ್ಕ ಹಾಕಿ ಅವುಗಳನ್ನು ಜೋಡಿಸುತ್ತದೆ, ಅಷ್ಟೆ.

2004ರಲ್ಲಿ ಬಂದ, ಬಹಳ ಪ್ರಸಿದ್ಧವಾದ ಟಿಐ-84 ಪ್ಲಸ್ ಅನ್ನೇ ನೋಡೋಣ. ಅದರ ಪರದೆಯಲ್ಲಿರುವ ಚುಕ್ಕೆಗಳು 96 × 64. 1985ರ ಕ್ಯಾಸಿಯೊದಲ್ಲಿ ಇದ್ದಷ್ಟೇ. ಗ್ರಾಫಿಗೆ ಬಳಕೆಯಾಗುವುದು ಅಡ್ಡಲಾಗಿ 95 ಚುಕ್ಕೆ, ಅಂದರೆ 94 ಅಂತರಗಳು. ಅಡ್ಡ ಅಕ್ಷವನ್ನು ಸೊನ್ನೆಯಿಂದ 2 ಪೈ ರೇಡಿಯನ್‌ವರೆಗೆ ಇಟ್ಟು ಸೈನ್ 94 ಎಕ್ಸ್ ಬರೆಯಲು ಹೇಳಿದರೆ ಯಂತ್ರ ಲೆಕ್ಕ ಹಾಕುವ ಪ್ರತಿ ಬಿಂದುವಿನಲ್ಲೂ ಬೆಲೆ ಸೊನ್ನೆ. ಪರದೆಯಲ್ಲಿ ಬರೀ ಸರಳರೇಖೆ! ಸೈನ್ 95 ಎಕ್ಸ್ ಕೊಟ್ಟರೆ ಅದು ಸೈನ್ ಎಕ್ಸ್‌ನಂತೆಯೇ ಕಾಣುತ್ತದೆ. 95 ಅಲೆಗಳಿರಬೇಕಾದಲ್ಲಿ ಒಂದೇ ಅಲೆ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ತೋರುವುದಕ್ಕೂ ಕಾರಣ ಇಂಥದೇ. ಹೊಸ ಮಾದರಿಗಳಲ್ಲಿ ಚುಕ್ಕೆಗಳು ಹೆಚ್ಚಿವೆ. ಅದರಿಂದ ದೋಷ ಇಲ್ಲವಾಗುವುದಿಲ್ಲ, ಇನ್ನಷ್ಟು ದೊಡ್ಡ ಆವರ್ತಾಂಕಕ್ಕೆ ಸರಿಯುತ್ತದೆ.

ಇನ್ನೊಂದು ಉದಾಹರಣೆ: ವೈ = ಎಕ್ಸ್³ − 0.01 ಎಕ್ಸ್. ಇದರ ಮೂಲಗಳು −0.1, 0 ಮತ್ತು 0.1. ಯಂತ್ರ ತಾನಾಗಿ ಆರಿಸುವ −10ರಿಂದ 10ರವರೆಗಿನ ವ್ಯಾಪ್ತಿಯಲ್ಲಿ ಎರಡು ಚುಕ್ಕೆಗಳ ನಡುವಿನ ಅಂತರ ಸುಮಾರು 0.21. ಮೂರು ಮೂಲಗಳೂ ಸೇರಿ ಒಂದೇ ಆಗಿ ಕಾಣುತ್ತವೆ. ಅಪವರ್ತಿಸಲು ಬಲ್ಲ ವಿದ್ಯಾರ್ಥಿಗೆ ಮೋಸವಾಗದು. ಪರದೆಯನ್ನಷ್ಟೇ ನಂಬಿದವನಿಗೆ ಎರಡು ಮೂಲಗಳು ಕೈತಪ್ಪುತ್ತವೆ.

ಪಂಚಾಂಗದಿಂದ ಒಂದು ಪಾಠ

ದುಬಾರಿ ಯಂತ್ರವಿಲ್ಲದೆ ಗ್ರಾಫ್ ಕಲಿಸುವ ಒಂದು ವಿಧಾನವಿದೆ. ಸೂರ್ಯೋದಯ, ಸೂರ್ಯಾಸ್ತದ ವೇಳೆಗಳು ಪಂಚಾಂಗದಲ್ಲಿ ಸಿಗುತ್ತವೆ. ಹದಿನೈದು ದಿನಕ್ಕೊಂದರಂತೆ ಹಗಲಿನ ಅವಧಿಯನ್ನು ಪಟ್ಟಿ ಮಾಡಿ ಗ್ರಾಫ್ ಹಾಳೆಯಲ್ಲಿ ಗುರುತಿಸಲು ಹೇಳಿ. ಉಡುಪಿ ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಜೂನ್ ಉತ್ತರಾರ್ಧದ ಹಗಲು ಸುಮಾರು 12 ಗಂಟೆ 53 ನಿಮಿಷ, ಡಿಸೆಂಬರಿನದು ಸುಮಾರು 11 ಗಂಟೆ 20 ನಿಮಿಷ. ಬಿಂದುಗಳು ತಾವಾಗಿಯೇ ಸೈನ್ ಅಲೆಯ ಆಕಾರ ತಾಳುತ್ತವೆ. ಅದಕ್ಕೆ ಹೊಂದುವ ಸೂತ್ರ ಹೀಗಿದೆ:

ಹಗಲು (ಗಂಟೆ) = 12.1 + 0.78 ಸೈನ್ [360 (ದಿ − 80) / 365]

ಇಲ್ಲಿ 'ದಿ' ಎಂದರೆ ಜನವರಿ 1ರಿಂದ ಎಣಿಸಿದ ದಿನಸಂಖ್ಯೆ, ಕೋನ ಡಿಗ್ರಿಗಳಲ್ಲಿದೆ. ಜೂನ್ 21ಕ್ಕೆ ದಿ = 172. ಡಿಗ್ರಿಯಲ್ಲಿ ಲೆಕ್ಕ ಹಾಕಿದರೆ 12 ಗಂಟೆ 53 ನಿಮಿಷ. ಕ್ಯಾಲ್ಕುಲೇಟರ್ ರೇಡಿಯನ್ ಸ್ಥಿತಿಯಲ್ಲಿದ್ದರೆ ಬರುವ ಉತ್ತರ 12 ಗಂಟೆ 23 ನಿಮಿಷ. ಈ ತಪ್ಪು ಉತ್ತರ ಅಸಹಜವಾಗಿ ಕಾಣುವುದಿಲ್ಲ ಎಂಬುದನ್ನು ಗಮನಿಸಿ. ವರ್ಷದ ಅತಿ ದೀರ್ಘ ಹಗಲು ಅದು ಎಂದು ಮೊದಲೇ ಕೈಯಾರೆ ಗ್ರಾಫ್ ಬರೆದು ತಿಳಿದ ವಿದ್ಯಾರ್ಥಿ ಮಾತ್ರ ಅದನ್ನು ಸಂಶಯಿಸುತ್ತಾನೆ. ಈ ಸಂಶಯವನ್ನು ಯಾವ ಮಾದರಿಯೂ ಒದಗಿಸಲಾರದು.

ಹಾಗಾದರೆ ಆಯ್ಕೆ ಯಾವುದು?

ವಿದ್ಯಾರ್ಥಿಯ ಕೈಯಲ್ಲಿ ಪರೀಕ್ಷೆಗೆ ಒಪ್ಪಿತವಾದ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದರೆ ಸಾಕು. ಕೊಳ್ಳುವ ಮೊದಲು ತನ್ನ ಕಾಲೇಜಿನ ಪರೀಕ್ಷಾ ನಿಯಮವನ್ನು ಓದಬೇಕು. ಸಾಧ್ಯವಿದ್ದರೆ ಕ್ಯಾಸಿಯೊ ಎಫ್‌ಎಕ್ಸ್-991ಇಎಸ್‌ನಂತೆ ಟೇಬಲ್ ಸೌಲಭ್ಯವಿರುವುದನ್ನು ಆರಿಸಬಹುದು. ಸೂತ್ರ ಕೊಟ್ಟರೆ ಅದು ಎಕ್ಸ್‌ನ ಬೆಲೆಗಳನ್ನೂ ಅವಕ್ಕೆ ಸಂಬಂಧಿಸಿದ ಉತ್ತರಗಳನ್ನೂ ಪಟ್ಟಿ ಮಾಡಿಕೊಡುತ್ತದೆ. ಬಿಂದುಗಳನ್ನು ಹಾಳೆಯ ಮೇಲೆ ಇಡುವ ಕೆಲಸ ವಿದ್ಯಾರ್ಥಿಯದು. ಪ್ರಯೋಗಾಲಯದಲ್ಲಿ ಲೋಲಕದ ಅಳತೆಗಳಿಂದ ಸರಳರೇಖೆಯ ಇಳಿಜಾರನ್ನು ಪಡೆಯಲೂ ಅದೇ ಸಾಕು.

ವಕ್ರರೇಖೆಗಳ ಚಲನೆಯನ್ನು ತೋರಿಸುವ ಕೆಲಸವನ್ನು ತರಗತಿಯ ಒಂದು ಕಂಪ್ಯೂಟರಿಗೆ ಬಿಡಬಹುದು. ಆಸ್ಟ್ರಿಯದ ಮಾರ್ಕುಸ್ ಹೋಹೆನ್‌ವಾರ್ಟರ್ ರೂಪಿಸಿದ ಜಿಯೋಜೀಬ್ರಾ ತಂತ್ರಾಂಶ ಶಿಕ್ಷಣಕ್ಕೆ ಉಚಿತ. ಒಮ್ಮೆ ಹಾಕಿಕೊಂಡರೆ ಅಂತರಜಾಲವಿಲ್ಲದೆಯೂ ನಡೆಯುತ್ತದೆ. 2021-22ರಲ್ಲಿ ರಾಜ್ಯದ ಪದವಿ ತರಗತಿಗಳಿಗೆ ಬಂದ ಗಣಿತ ಪಠ್ಯಕ್ರಮವೂ ಪ್ರಾಯೋಗಿಕ ಭಾಗಕ್ಕೆ ಸೈಲ್ಯಾಬ್, ಮ್ಯಾಕ್ಸಿಮಾ, ಪೈಥಾನ್‌ನಂಥ ಮುಕ್ತ ತಂತ್ರಾಂಶಗಳನ್ನೇ ಸೂಚಿಸಿತ್ತು. ಅಮೆರಿಕದಲ್ಲೇ 2024ರಿಂದ ಜಾರಿಗೆ ಬಂದ ಡಿಜಿಟಲ್ ಸ್ಯಾಟ್ ಪರೀಕ್ಷೆಯ ಪರದೆಯೊಳಗೆ ಡೆಸ್ಮೋಸ್ ಗ್ರಾಫ್ ಸಾಧನ ಅಡಕವಾಗಿದೆ. ಕೈಯಲ್ಲಿ ಹಿಡಿಯುವ ದುಬಾರಿ ಯಂತ್ರದ ಅಗತ್ಯ ಅಲ್ಲಿಯೂ ಕಡಿಮೆಯಾಗುತ್ತಿದೆ.

ಜಿಯೋಜೀಬ್ರಾಕ್ಕೂ ಚುಕ್ಕೆಗಳ ಮಿತಿ ತಪ್ಪಿದ್ದಲ್ಲ. ಅಧ್ಯಾಪಕರು ಸೈನ್ 95 ಎಕ್ಸ್‌ನಂಥ ಉದಾಹರಣೆಗಳನ್ನು ಬೇಕೆಂದೇ ತರಗತಿಯಲ್ಲಿ ತೋರಿಸಬೇಕು. ಮೊದಲು ಊಹೆ, ಆಮೇಲೆ ಹಾಳೆಯ ಮೇಲಿನ ಗ್ರಾಫ್, ಕೊನೆಗೆ ಪರದೆ – ಈ ಕ್ರಮ ತಪ್ಪದಿದ್ದರೆ ಯಾವ ಸಾಧನವಾದರೂ ನಡೆದೀತು. ಈ ಕ್ರಮವಿಲ್ಲದ ತರಗತಿಗೆ ಎಷ್ಟು ಬೆಲೆಯ ಯಂತ್ರ ತಂದರೂ ಪ್ರಯೋಜನವಿಲ್ಲ.