ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?

ಮಕ್ಕಳನ್ನು ಕ್ಯಾಲಿಫೋರ್ನಿಯಾಕ್ಕೆ ಕಳಿಸಿದ ಮನೆಗಳಿಗೆ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದಲ್ಲಿ ಬರವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಯಾವ ಕಡೆಗಿದೆ ಎಂದು ಕೇಳಿದರೆ ಬಹುಪಾಲು ಕೈಗಳು ಪಶ್ಚಿಮಕ್ಕೆ ಚಾಚುತ್ತವೆ. ಗೋಡೆಯ ಭೂಪಟ ಕಲಿಸಿದ್ದು ಅದನ್ನೇ. ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿದು ನೋಡಿ: ಅದು ಬೆಂಗಳೂರಿನಿಂದ ಉತ್ತರಕ್ಕೆ, ಸುಮಾರು 20 ಡಿಗ್ರಿ ಪೂರ್ವಕ್ಕೆ ವಾಲಿ ಹೊರಡುತ್ತದೆ. ಬಸವನಗುಡಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೂ ಹೆಚ್ಚುಕಡಿಮೆ ಅದೇ ದಿಕ್ಕು. ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯ ದಾಟಿ, ಸುಮಾರು 71 ಡಿಗ್ರಿ ಅಕ್ಷಾಂಶಕ್ಕೇರಿ, ಅಲಾಸ್ಕದ ಮೇಲೆ ಇಳಿಯುವ ಈ ಮಹಾವೃತ್ತದ ಹಾದಿ ಸುಮಾರು 14,000 ಕಿ.ಮೀ. ಇದಕ್ಕಿಂತ ಚಿಕ್ಕ ದಾರಿ ಭೂಮಿಯ ಮೇಲಿಲ್ಲ.

ಆದರೂ 2021ರ ಜನವರಿ 11ರಂದು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವದ ಮಾರ್ಗವಾಗಿ ಎಲ್ಲೂ ಇಳಿಸದೆ ಬೆಂಗಳೂರಿಗೆ ತಂದಾಗ, ಕ್ರಮಿಸಿದ ದೂರ ಸುಮಾರು 16,000 ಕಿ.ಮೀ. ಎಂದು ವರದಿಯಾಯಿತು. ಈ ಹೆಚ್ಚುವರಿ 2,000 ಕಿ.ಮೀ. ದಾರಿ ತಪ್ಪಿ ಬಂದದ್ದಲ್ಲ. ವಿಮಾನದೂರವೆಂಬುದು ಭೂಗೋಳ ಹಾಕಿಕೊಟ್ಟ ಲೆಕ್ಕವಷ್ಟೇ ಅಲ್ಲ, ಅಪಾಯ, ಗಾಳಿ, ರಾಜಕೀಯ ಮೂರೂ ಸೇರಿ ಕಟ್ಟುವ ಲೆಕ್ಕ ಎಂಬುದು ನನ್ನ ವಾದ. ಟಿಬೆಟ್ಟನ್ನೇ ನೋಡಿ. ಕ್ಯಾಬಿನ್ನಿನ ಒತ್ತಡ ಕುಸಿದರೆ ವಿಮಾನ ಸುಮಾರು 3,000 ಮೀಟರಿಗೆ ಇಳಿಯಬೇಕು. ಆ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,000 ಮೀಟರ್ ದಾಟಿದೆ. ನೇರ ಗೆರೆ ಅಲ್ಲೇ ಹಾದರೂ ವಿಮಾನಗಳು ಸಾಮಾನ್ಯವಾಗಿ ಬಳಸಿಕೊಂಡೇ ಹೋಗುತ್ತವೆ. ರಾಜಕೀಯದ ಮಾತಿಗೆ ಬಂದರೆ, 2022ರಲ್ಲಿ ರಷ್ಯದ ಆಕಾಶ ಅಮೆರಿಕದ ಸಂಸ್ಥೆಗಳಿಗೆ ಮುಚ್ಚಿತು, ಭಾರತದವಕ್ಕೆ ತೆರೆದೇ ಇತ್ತು. ಅವೇ ಎರಡು ಊರುಗಳು ಒಂದು ದೇಶದ ವಿಮಾನಕ್ಕೆ ಹತ್ತಿರ, ಇನ್ನೊಂದಕ್ಕೆ ದೂರ.

ಪ್ರಯಾಣಿಕರಿಗೆ ಬೇಕಾದದ್ದು ಗಂಟೆಗಳು, ಕಿಲೋಮೀಟರ್ ಕಟ್ಟಿಕೊಂಡು ಏನಾಗಬೇಕು ಎನ್ನಬಹುದು. ಆದರೆ ಗಂಟೆಗಳು ಫಲವನ್ನು ಹೇಳುತ್ತವೆ, ಕಾರಣವನ್ನಲ್ಲ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಹಿಂದಿನಿಂದ ನೂಕಿದರೆ ಉದ್ದದ ದಾರಿಯೂ ಬೇಗ ಸಾಗುತ್ತದೆ, ಎದುರಾದರೆ ಚಿಕ್ಕ ದಾರಿಯೂ ತಡವಾಗುತ್ತದೆ. ತಡವಾದದ್ದು ಗಾಳಿಯಿಂದಲೋ ಸುತ್ತುದಾರಿಯಿಂದಲೋ ಎಂದು ಗಡಿಯಾರ ಹೇಳಲಾರದು. ಹಾಗಾದರೆ ಯಾರೂ ಹಾರದ 14,000ದ ಅಂಕಿಯನ್ನೇ ಕೈಬಿಡೋಣವೆಂದರೆ ಅದೂ ಸರಿಯಲ್ಲ. ಅಳೆಯಲು ಅದೊಂದು ಕೋಲು ಇಲ್ಲದಿದ್ದರೆ ಸುತ್ತು ಎಷ್ಟೆಂದು ತಿಳಿಯುವುದಾದರೂ ಹೇಗೆ? ದೂರ ವಿಚಾರಿಸುವವರು ಎರಡೂ ಅಂಕಿ ಕೇಳಬೇಕು: ಗ್ಲೋಬಿನದು, ಹಾರಿದ್ದು. ಸುಟ್ಟ ಇಂಧನಕ್ಕೂ ಏರಿದ ಟಿಕೆಟ್ ದರಕ್ಕೂ ಕಾರಣ ಹುಡುಕುವುದು ಅವೆರಡರ ನಡುವಿನ ಅಂತರದಿಂದಲೇ ಶುರುವಾಗಬೇಕು.