ತುರಗಪದವೂ ಚದುರಂಗದ ಪಟಲೇಖನವೂ

ಚದುರಂಗದ ನಾನಾ ಪ್ರಭೇದಗಳನ್ನು ನಿರೂಪಿಸುವ ಗ್ರಂಥಗಳಲ್ಲಿ ಪಟವು ಕೇವಲ ಅಲಂಕಾರವೋ, ಅರ್ಥದ ಅಂಗವೋ ಎಂಬ ಪ್ರಶ್ನೆಯನ್ನು ಪಂಡಿತರು ಅಷ್ಟಾಗಿ ವಿಚಾರಿಸಿದಂತಿಲ್ಲ. ಶ್ಲೋಕಪಾಠವನ್ನು ಶ್ರದ್ಧೆಯಿಂದ ಪರಿಷ್ಕರಿಸಿ ಮನೆಗಳ ಪಟವನ್ನು ಕೈಬಿಟ್ಟ ಮುದ್ರಣವು ನಮ್ಮ ಮತದಲ್ಲಿ ಅರ್ಧಗ್ರಂಥವೇ ಸರಿ. ನಮ್ಮ ಹಿರೇನಲ್ಲೂರಿನ ಕಡೆ ಹುಲಿ-ಕುರಿ ಆಡುವ ಹುಡುಗರು ಮೊದಲು ಇದ್ದಿಲಿನಿಂದ ಗೆರೆ ಎಳೆಯುವರು. ನಿಯಮದ ಮಾತು ಆಮೇಲೆ.

ವೇದಾಂತದೇಶಿಕರ ಪಾದುಕಾಸಹಸ್ರದ ಚಿತ್ರಪದ್ಧತಿಯನ್ನು ವಾಚಕರು ಪರಾಂಬರಿಸಬೇಕು. ಅಲ್ಲಿನ 929ನೆಯ ಶ್ಲೋಕದ 32 ಅಕ್ಷರಗಳನ್ನು ಪಾದಕ್ಕೊಂದು ಸಾಲಿನಂತೆ ಎಂಟೆಂಟಾಗಿ ಬರೆದರೆ ಅರ್ಧ ಚದುರಂಗದ ಹಾಸು ಸಿದ್ಧವಾಗುತ್ತದೆ. ಮೊದಲನೆಯ ಸಾಲಿನ ಮೊದಲ ಅಕ್ಷರದಿಂದ ಹೊರಟ ಕುದುರೆಯು ಎರಡನೆಯ ಸಾಲಿನ ಮೂರನೆಯದಕ್ಕೆ, ಅಲ್ಲಿಂದ ಮೊದಲನೆಯ ಸಾಲಿನ ಐದನೆಯದಕ್ಕೆ, ಮತ್ತೆ ಎರಡನೆಯ ಸಾಲಿನ ಏಳನೆಯದಕ್ಕೆ, ಬಳಿಕ ನಾಲ್ಕನೆಯ ಸಾಲಿನ ಕಡೆಯ ಮನೆಗೆ ನೆಗೆಯುತ್ತದೆ. ಹೀಗೆಯೇ ಪ್ರತಿಮನೆಯನ್ನೂ ಒಂದೇ ಸಲ ಮುಟ್ಟಿ ಮುಗಿಸಿದಾಗ 930ನೆಯ ಶ್ಲೋಕವು ಹೊರಡುತ್ತದೆ! ಪಟವಿಲ್ಲದೆ ಓದುವ ವಿದ್ಯಾರ್ಥಿಗೆ ಇವು ಎರಡು ಕ್ಲಿಷ್ಟಪದ್ಯಗಳು ಮಾತ್ರ. ಪಟ ಬರೆದುಕೊಂಡವನಿಗೋ, ಎರಡನೆಯ ಶ್ಲೋಕದ ಅಕ್ಷರಕ್ರಮವೇ ಕುದುರೆಯ ಹೆಜ್ಜೆಯಾಗಿ ಕಾಣುವುದು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅಕ್ಷರಕ್ಕೆ ಬದಲಾಗಿ ಅಂಕಿಯನ್ನು ಆಶ್ರಯಿಸಿ ಇದೇ ವಿದ್ಯೆಯನ್ನು 64 ಮನೆಗಳಿಗೆ ಬೆಳೆಸಿದರು. ಒಂದರಿಂದ 64ರವರೆಗಿನ ಅಂಕಿಗಳ ಮೊತ್ತ 2080. ಎಂಟು ಸಾಲುಗಳಿಗೆ ಸಮನಾಗಿ ಹಂಚಿದರೆ ಸಾಲಿಗೆ 260. ಕುದುರೆಯ ನಡೆ ತಪ್ಪದೆ ಅಡ್ಡಸಾಲುಗಳಲ್ಲಿಯೂ ಉದ್ದಸಾಲುಗಳಲ್ಲಿಯೂ ಈ ಮೊತ್ತವನ್ನು ಹೊಂದಿಸುವುದು ಅಸಾಧಾರಣ ಬುದ್ಧಿಯ ಕೆಲಸ. ಎರಡು ಮೂಲೆಗೆರೆಗಳಲ್ಲಿಯೂ ಅದೇ ಮೊತ್ತ ಬರುವಂತೆ ಮಾಡಲು ಸಾಧ್ಯವೇ ಇಲ್ಲವೆಂಬುದು 2003ರಲ್ಲಿ ಗಣಕಯಂತ್ರದ ಸಹಾಯದಿಂದ ಸಿದ್ಧವಾಯಿತು.

ಆದರೂ ಅಂಕಿಯ ಪಟದಲ್ಲಿ ಒಂದು ಕೊರತೆಯುಂಟು. ಮೊತ್ತವನ್ನು ಪರೀಕ್ಷಿಸಲು ಅದು ಅತ್ಯುತ್ತಮ. ದಾರಿಯನ್ನು ಮಾತ್ರ ತೋರಿಸದು. 36ರಿಂದ 37ಕ್ಕೆ ಹೋಗಬೇಕಾದ ಕಣ್ಣು ಹಾಸನ್ನೆಲ್ಲ ಹುಡುಕುವುದು. ಗೆರೆಯ ಪಟದಲ್ಲಿ ನಡೆಯ ಆಕಾರವೂ, ತಪ್ಪುನೆಗೆತವಿದ್ದರೆ ಅದೂ ಥಟ್ಟನೆ ಕಾಣುವುವು. ಆದರೆ ಗೆರೆಗಳು ಒಂದನ್ನೊಂದು ದಾಟುವಲ್ಲಿ ಕ್ರಮವು ಕಲಸಿಹೋಗುತ್ತದೆ. ಆದಕಾರಣ ಎರಡನ್ನೂ ಪಕ್ಕಪಕ್ಕದಲ್ಲಿಯೇ ಅಚ್ಚುಹಾಕಬೇಕು. ಕಾಗದದ ಖರ್ಚಿನ ಮಾತನ್ನು ಇಲ್ಲಿ ಎತ್ತುವುದು ಜಿಪುಣತನ.

ಆಟದ ನಿಯಮವೇ ಬೇರೆಯಾದಲ್ಲಿ ಪಟದ ಅಗತ್ಯ ಇನ್ನೂ ಹೆಚ್ಚು. ಸುಮಾರು 1030ರಲ್ಲಿ ಭಾರತವನ್ನು ಕುರಿತು ಬರೆದ ಅಲ್‌ಬಿರೂನಿಯು ದಾಳ ಹಾಕಿ ನಾಲ್ವರು ಆಡುವ ಚದುರಂಗವನ್ನು ವರ್ಣಿಸುವಾಗ ಕಾಯಿಗಳ ನೆಲೆಯನ್ನು ಪಟದಲ್ಲಿಯೇ ಕೊಟ್ಟನು. ಪರದೇಶಿಯಾದ ಅವನಿಗೆ ಹೊಳೆದ ಸಂಗತಿ ನಮ್ಮ ಪ್ರಕಾಶಕರಿಗೆ ಏಕೆ ಹೊಳೆಯದು? ಆನೆಯು ಮುಂದಕ್ಕೊಂದು ಮನೆ, ಮೂಲೆಗಳಿಗೆ ಒಂದೊಂದು ಮನೆ ನಡೆಯುವುದೆಂದು ಅವನು ಹೇಳುವ ಇಬ್ಬರಾಟದ ನಡೆಯನ್ನು, ನೇರವಾಗಿ ಎಷ್ಟು ಮನೆಯಾದರೂ ಓಡುವ ಇಂದಿನ ಆನೆಯನ್ನು ಬಲ್ಲ ಓದುಗನು ಮಾತಿನಿಂದಲೇ ಗ್ರಹಿಸಲಾರನು. ಐದು ಚುಕ್ಕೆಯಿಟ್ಟರೆ ಸಾಕು.

ಒಡೆಯರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯಲ್ಲಿನ 122 ಯೋಗಾಸನಗಳ ಚಿತ್ರಗಳು 1996ರಲ್ಲಿ ಇಂಗ್ಲಿಷ್ ಪುಸ್ತಕವೊಂದರಲ್ಲಿ ಪ್ರಕಟವಾಗಿ ಲೋಕದ ಗಮನ ಸೆಳೆದುವು. ಅದೇ ನಿಧಿಯ ಆಟಗಳ ಭಾಗಕ್ಕೂ ಮನೆಗಳ ಪಟ, ಕಾಯಿಗಳ ಆರಂಭದ ನೆಲೆ, ಒಂದೊಂದು ಕಾಯಿಯ ನಡೆಗೆ ಬೇರೆಬೇರೆ ಚಿಕ್ಕ ಪಟ, ಇವುಗಳೊಡನೆ ಸರಳವಾದ ಕನ್ನಡ ವಿವರಣೆಯೊಂದು ಬೇಕು.